ಮಲಗಿದ ಇಟ್ಟಿಗೆಗಳು

ಅತ್ತಿಗೆ ಜೇನುಪೆಟ್ಟಿಗೆಗಳ ಮೇಲಿನ ಇಟ್ಟಿಗೆ ಎತ್ತಿ ಒರೆಸುತ್ತಿದ್ದಳು. ಒಂದು ಕೈಯಲ್ಲಿ ಒದ್ದೆ ಬಟ್ಟೆ, ಕಾಲ ಬಳಿ ನೀರಿನ ಬಕೆಟ್ಟು. ಇಟ್ಟಿಗೆ ಎತ್ತುವಳು, ಮುಚ್ಚಳದ ಮೇಲಿನ ಧೂಳು, ಹಕ್ಕಿ ಹಿಕ್ಕೆ ಉಜ್ಜುವಳು, ಇಟ್ಟಿಗೆಯನ್ನೂ ಒಮ್ಮೆ ಒರೆಸಿ ಎಲ್ಲಿತ್ತೋ ಅಲ್ಲೇ, ಹೇಗಿತ್ತೋ ಹಾಗೇ ಇಡುವಳು. ನಾನು ಎರಡು ಸಾಲು ಆಚೆ ಹುಳುಗಳಿಗೆ ನೀರಿಡುವ ತಟ್ಟೆಗಳನ್ನು ತೊಳೆದು, ಹುಳು ಮುಳುಗದಂತೆ ಒಳಗೆ ಕಲ್ಲು ಜೋಡಿಸುತ್ತಿದ್ದೆ. ಅವಳು ಅಣ್ಣನನ್ನು ಮದುವೆಯಾಗಿ ಮನೆಗೆ ಬಂದು ಮೂರನೇ ವಾರ. ನನಗೆ ಹೊಸಬರ ಜೊತೆ ಮಾತು ಬರುವುದಿಲ್ಲ. ಹಳಬರ ಜೊತೆಯೂ ಅಷ್ಟಕ್ಕಷ್ಟೆ. ಅಣ್ಣ ನನ್ನನ್ನು ಕರೆಯುವುದೇ ಮೂಗಿ ಎಂದು.

ನಲವತ್ತೆಂಟು ಪೆಟ್ಟಿಗೆ, ನಲವತ್ತೆಂಟು ಇಟ್ಟಿಗೆ. ಕೊನೆಯ ಸಾಲಿಗೆ ಬಂದಾಗ ಅವಳೇ ಕೇಳಿದಳು.

“ಇದ್ಯಾಕೆ, ಎಲ್ಲದರ ತಲೆ ಮೇಲೂ ಒಂದೊಂದು ಇಟ್ಟಿಗೆ?”

“ಗಾಳಿಗೆ,” ಎಂದೆ.

“ಮುಚ್ಚಳ ಹಾರಿ ಹೋಗ್ದೇ ಇರ್ಲಿ ಅಂತಾನಾ?”

ತಲೆಯಾಡಿಸಿದೆ. ಸುಳ್ಳಲ್ಲ. ಆದರೆ ಪೂರ್ತಿ ಹೇಳಬೇಕೆಂದರೆ ಹತ್ತು ಮಾತು ಬೇಕಿತ್ತು, ನನ್ನ ಹತ್ತಿರ ಅಷ್ಟಿರಲಿಲ್ಲ.

“ನೋಡು, ಮುಖಕ್ಕೆ ಬಲೆ ಹಾಕ್ಕೊಂಡಿಲ್ಲ, ಕೈಗೆ ಏನೂ ಇಲ್ಲ. ಒಂದೂ ಕಚ್ಚಲಿಲ್ಲ,” ಅವಳು ನಕ್ಕಳು. “ನಿಮ್ಮ ಅಮ್ಮನಿಗಿಂತ ಇವೇ ವಾಸಿ. ನಾನು ಹಿಡಿಸಿಬಿಟ್ಟೆ ಇವಕ್ಕೆ.”

ನಾನು ಪೆಟ್ಟಿಗೆಗಳ ಕಡೆ ತಿರುಗಿ ನೋಡಿದೆ. ಬಿಸಿಲು ಚೆನ್ನಾಗಿತ್ತು. ಇಷ್ಟು ಹೊತ್ತಿಗೆ ಪೆಟ್ಟಿಗೆಗಳ ಬಾಗಿಲಲ್ಲಿ ಹುಳುಗಳು ಸಂತೆಗೆ ಬಂದವರಂತೆ ನುಗ್ಗಾಡಬೇಕಿತ್ತು.

ಪೂರ್ತಿ ಸಂಗತಿ ಇದು. ನಮ್ಮ ಮನೆಯಲ್ಲಿ ಇಟ್ಟಿಗೆ ಗಾಳಿಗೆ ಮಾತ್ರ ಅಲ್ಲ. ಇಟ್ಟಿಗೆ ಅಗಲವಾಗಿ ಮಲಗಿದ್ದರೆ ಪೆಟ್ಟಿಗೆ ಚೆನ್ನಾಗಿದೆ ಎಂದು ಅರ್ಥ. ಮಗ್ಗುಲಾಗಿದ್ದರೆ ಬಡವಾಗಿದೆ, ಸಕ್ಕರೆ ಪಾಕ ಕೊಡಬೇಕು. ನೆಟ್ಟಗೆ ನಿಂತಿದ್ದರೆ ಹುಳು ತೀರಾ ಕಡಿಮೆ, ಇಲ್ಲವೇ ರಾಣಿ ಇಲ್ಲ, ಕೂಡಲೇ ಇನ್ನೊಂದಕ್ಕೆ ಸೇರಿಸಬೇಕು. ತಾತ ಮಾಡಿಟ್ಟ ಪದ್ಧತಿ. ಅವನು ಲೆಕ್ಕದ ಪುಸ್ತಕ ಇಟ್ಟವನಲ್ಲ. ಅಡುಗೆಮನೆ ಕಿಟಕಿಯಲ್ಲಿ ನಿಂತು ಅಪ್ಪ ಚಹಾ ಕುಡಿಯುತ್ತಲೇ ಹಿತ್ತಲ ಕಡೆ ಒಮ್ಮೆ ಕಣ್ಣಾಡಿಸಿದರೆ ಎಲ್ಲ ಲೆಕ್ಕವೂ ಸಿಗುತ್ತಿತ್ತು. ಅತ್ತಿಗೆಗೆ ಇದನ್ನು ಯಾರೂ ಹೇಳಿರಲಿಲ್ಲ. ನಮಗೆ ಅದು ಹೇಳಿಕೊಡುವ ಸಂಗತಿ ಎಂದೇ ಅನಿಸಿರಲಿಲ್ಲ.

ಹದಿನೈದು ದಿನಕ್ಕೊಮ್ಮೆ ಸುತ್ತು ಹೊಡೆಯುವುದು ತಾತ ಮತ್ತು ನಾನು. ಶಾಲೆ ಬಿಟ್ಟ ವರ್ಷದಿಂದ ಅದು ನನ್ನ ಕೆಲಸ. ತಾತ ಪೆಟ್ಟಿಗೆಯ ಹಿಂಬದಿಗೆ ಎರಡು ಬೆರಳು ಹಾಕಿ ಒಂದಂಗುಲ ಎತ್ತುತ್ತಾನೆ. ಜೇನು ಎಷ್ಟಿದೆ ಎಂದು ಬೆರಳಿಗೆ ಗೊತ್ತಾಗುತ್ತದೆ. ಆಮೇಲೆ ಮುಚ್ಚಳ ಸರಿಸಿ ಹುಳು ನೋಡಿ, “ಮಲಗಿಸು” ಅಥವಾ “ನಿಲ್ಲಿಸು” ಎನ್ನುತ್ತಾನೆ. ನಾನು ಇಟ್ಟಿಗೆ ಇಡುತ್ತೇನೆ.

ಕಳೆದ ವರ್ಷದಿಂದ ತಾತ ಮುಚ್ಚಳ ಸರಿಸುವುದನ್ನು ಬಿಟ್ಟಿದ್ದ. ಎತ್ತಿ ನೋಡಿ ಹೇಳಿಬಿಡುತ್ತಿದ್ದ. ಯಾಕೆ ಎಂದು ನನಗೆ ಗೊತ್ತಿತ್ತು. ತೆರೆದರೂ ಅವನಿಗೆ ಕಾಣುತ್ತಿರಲಿಲ್ಲ.

ಮದುವೆಗೆ ಒಂದು ವಾರ ಇದ್ದಾಗಿನ ಸುತ್ತಿನಲ್ಲಿ ನಾನೇ ಕೆಲವು ಮುಚ್ಚಳ ಸರಿಸಿ ನೋಡಿದ್ದೆ. ಒಳಗೆ ಗೂಡು ಕಟ್ಟುವ ಎಂಟು ಚೌಕಟ್ಟಿನ ತುಂಬ ಮುತ್ತಿಕೊಂಡಿರಬೇಕಾದ ಹುಳು ಎರಡರ ಮೇಲೂ ಇರಲಿಲ್ಲ.

“ತಾತ, ಹುಳ ಕಮ್ಮಿ ಇವೆ.”

“ಮೇಯಕ್ಕೆ ಹೋಗಿರ್ತವೆ ಪುಟ್ಟಿ. ಭಾರ ನೋಡು, ಕಲ್ಲು ಇದ್ದಂಗಿದೆ. ಮಲಗಿಸು.”

ಭಾರ ಇದ್ದದ್ದು ನಿಜ. ಜೇನೆಲ್ಲ ಹಾಗೇ ಇತ್ತು, ತಿನ್ನುವವರು ಇರಲಿಲ್ಲ. ಅದನ್ನು ಬೆರಳು ಹೇಗೆ ಹೇಳೀತು? ಐವತ್ತು ವರ್ಷದಲ್ಲಿ ಯಾವ ಹುಳುವೂ ತುಂಬಿದ ಮನೆ ಬಿಟ್ಟು ಹೋಗಿರಲಿಲ್ಲ. ಮಲಗಿಸಿದೆ. ನಲವತ್ತೆಂಟನ್ನೂ ಮಲಗಿಸಿದೆ. ಮದುವೆಯ ಗಡಿಬಿಡಿಯಲ್ಲಿ ಆಮೇಲಿನ ಸುತ್ತುಗಳು ತಪ್ಪಿಹೋದವು.

ಅತ್ತಿಗೆ ಇಟ್ಟಿಗೆ ಒರೆಸಿದ ಮರುವಾರ ಸೇಬಿನ ತೋಟದ ಯಜಮಾನರು ಬಂದರು. ಹೂ ಬಿಡುವ ಕಾಲಕ್ಕೆ ಪ್ರತಿ ವರ್ಷ ನಮ್ಮ ಪೆಟ್ಟಿಗೆಗಳು ಅವರ ತೋಟಕ್ಕೆ ಹೋಗುತ್ತವೆ. ಹುಳು ಹೂವಿಗೆ ಹೋಗದಿದ್ದರೆ ಕಾಯಿ ಕಚ್ಚುವುದಿಲ್ಲ. ಅಪ್ಪ ಅವರನ್ನು ಅಡುಗೆಮನೆ ಕಿಟಕಿಗೆ ಕರೆದುಕೊಂಡು ಬಂದ.

“ನೋಡಿ, ಒಂದಾದ್ರೂ ಇಟ್ಟಿಗೆ ಎದ್ದಿದ್ಯಾ? ಈ ಸಲ ನಲವತ್ತು ಕೊಡ್ತೀನಿ.”

“ಸೊಸೆ ಬಂದ ಗಳಿಗೆ,” ಎಂದರು ಅವರು. ಅಮ್ಮ ಅತ್ತಿಗೆಯ ಕಡೆ ನೋಡಿ ಮೊದಲ ಸಲ ನಕ್ಕಳು. ಆ ದಿನ ಅತ್ತಿಗೆಗೆ ಬ್ರೆಡ್ಡಿನ ಮೇಲೆ ಎರಡು ಚಮಚ ಜೇನು ಬಿತ್ತು.

ಪೆಟ್ಟಿಗೆ ಸಾಗಿಸುವ ದಿನ ಅಣ್ಣ ಬೆಳಗಾಗುತ್ತಲೇ ವ್ಯಾನನ್ನು ಹಿತ್ತಲ ಗೇಟಿಗೆ ತಂದು ನಿಲ್ಲಿಸಿದ. ತೋಟದ ಮೇಸ್ತ್ರಿಯೂ ಬಂದಿದ್ದ. “ಒಂದು ತೆಗೆದು ತೋರ್ಸಿ, ಯಜಮಾನ್ರು ನೋಡ್ಕೊಂಡು ಬಾ ಅಂದಿದಾರೆ,” ಎಂದ. ಅಪ್ಪ ನಗುತ್ತಲೇ ಮುಚ್ಚಳ ತೆಗೆದ. ನಗು ಹಾಗೇ ಮುಖದಲ್ಲಿ ಉಳಿದುಕೊಂಡಿತು.

ಒಳಗೆ ರಾಣಿ ಇತ್ತು. ಸುತ್ತ ಒಂದು ಹಿಡಿ ಎಳೆ ಹುಳು. ಚೌಕಟ್ಟುಗಳಲ್ಲಿ ಜೇನು ತುಂಬಿ ಮೇಣದಿಂದ ಮುಚ್ಚಿತ್ತು, ಮರಿಗಳ ಗೂಡುಗಳೂ ಮುಚ್ಚಿದ್ದವು. ಉಳಿದವು ಇಲ್ಲ. ಪೆಟ್ಟಿಗೆಯೊಳಗೂ ಸತ್ತಿರಲಿಲ್ಲ, ಹೊರಗೂ ಸತ್ತಿರಲಿಲ್ಲ. ಅಪ್ಪ ಎರಡನೆಯದು ತೆಗೆದ, ಹತ್ತನೆಯದು ತೆಗೆದ. ಆಮೇಲೆ ಅವನೂ ಅಣ್ಣನೂ ಆ ತುದಿಯಿಂದ ಈ ತುದಿಯಿಂದ ತೆಗೆಯುತ್ತ ಬಂದರು. ಮೂವತ್ತೊಂದು ಖಾಲಿ.

“ಇವನ್ನ ತಗೊಂಡು ಹೋಗಿ ನಾನೇನು ಗಿಡದ ಕೆಳಗೆ ಸ್ಟೂಲ್ ಮಾಡ್ಲಾ?” ಎಂದು ಮೇಸ್ತ್ರಿ ಹೊರಟುಹೋದ.

ಎಲ್ಲರೂ ಅಡುಗೆಮನೆಯಲ್ಲಿ ಸೇರಿದೆವು. ಯಾರೂ ಕೂರಲಿಲ್ಲ, ತಾತ ಒಬ್ಬನೇ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ಕುರ್ಚಿಯಲ್ಲಿದ್ದ.

“ಒಂದೇ ದಿನಕ್ಕೆ ಹೋಗೋ ಹುಳ ಅಲ್ಲ ಇದು,” ಅಪ್ಪ ಹೇಳಿದ. “ವಾರಗಟ್ಟಲೆಯಿಂದ ಕಮ್ಮಿ ಆಗ್ತಾ ಬಂದಿದೆ. ಹಾಗಿದ್ರೆ ಇಟ್ಟಿಗೆ ಯಾಕೆ ಎದ್ದಿಲ್ಲ?”

ಅಮ್ಮ ಕೈಯಲ್ಲಿದ್ದ ಚಹಾ ಸೋಸುವ ಜರಡಿಯನ್ನು ಕೆಳಗಿಟ್ಟಳು. “ಇಟ್ಟಿಗೆ ಮುಟ್ಟಿದ್ದು ಇವಳು,” ಎಂದಳು. “ಏನಮ್ಮಾ, ನೀನು ತಾನೇ ಅವತ್ತು ಮುಚ್ಚಳ ಒರೆಸಿದ್ದು?”

“ಹೌದು ಅತ್ತೆ. ನೀವೇ ಹೇಳಿದ್ರಲ್ಲ, ಒರೆಸು ಅಂತ.”

“ಒರೆಸು ಅಂದೆ. ಇಟ್ಟಿಗೆ ಎತ್ತು ಅಂದ್ನಾ?”

“ಎತ್ತದೇ ಹೇಗೆ ಒರೆಸೋದು? ಎತ್ತಿ, ಇದ್ದ ಹಾಗೇ ಇಟ್ಟೆ.”

“ಇದ್ದ ಹಾಗೆ ಅಂದ್ರೆ?” ಅಪ್ಪ ಕೇಳಿದ.

“ಮಲಗಿತ್ತು ಮಾವ. ಮಲಗಿಸಿದೆ.”

“ಎಲ್ಲಾನೂ ಮಲಗಿತ್ತಾ?”

“ಎಲ್ಲಾನೂ.”

ಅಪ್ಪ ತಾತನ ಕಡೆ ತಿರುಗಿದ. “ಅಪ್ಪ, ಹೋದ ಸುತ್ತಲ್ಲಿ ನೀನು ನಿಲ್ಲಿಸಿದ್ದೆ ತಾನೇ? ಬಡವಾಗಿದ್ದನ್ನ?”

ತಾತ ಟೋಪಿಯ ಅಂಚನ್ನು ಒಂದು ಸುತ್ತು ತಿರುಗಿಸಿದ. “ನಿಲ್ಲಿಸಿರಬೇಕು,” ಎಂದ.

“ನೀನು ಜೊತೆಗಿದ್ಯಲ್ಲ?” ಅಪ್ಪ ನನ್ನನ್ನು ಕೇಳಿದ.

ನಾನು ತಲೆಯಾಡಿಸಿದೆ. ಜೊತೆಗಿದ್ದೆ, ಅಷ್ಟೇ. ಆದರೆ ಅಷ್ಟು ಸಾಕಾಯಿತು. ಅಣ್ಣ ಅತ್ತಿಗೆಯ ಕಡೆ ನೋಡಿ, “ಒಂದು ಇಟ್ಟಿಗೆ ಇಡಕ್ಕೂ ಬರಲ್ವೇನೇ ನಿಂಗೆ?” ಎಂದ.

ಹುಳುಗಳನ್ನು ನೋಡಲು ಸರ್ಕಾರಿ ಕಚೇರಿಯಿಂದ ಒಬ್ಬ ಆಫೀಸರು ಬಂದರು. ಗಾಜಿನ ಸೀಸೆ, ಚಿಮುಟ, ಭೂತಗನ್ನಡಿ ಎಲ್ಲ ಇತ್ತು.

“ಸತ್ತ ಹುಳು ಕೊಡಿ.”

“ಸತ್ತಿಲ್ಲ ಸಾರ್, ಹೋಗಿವೆ.”

“ಸತ್ತಿರೋದು ಸಿಗ್ದೇ ನಾನು ಏನನ್ನ ಕೊಯ್ದು ನೋಡ್ಲಿ?” ಅವರು ಖಾಲಿ ಪೆಟ್ಟಿಗೆಯೊಂದರಲ್ಲಿ ಉಳಿದಿದ್ದ ನಾಲ್ಕು ಹುಳುಗಳನ್ನು ಸೀಸೆಗೆ ಹಾಕಿಕೊಂಡರು. ಬೇರೆ ಕಡೆಗಳಲ್ಲೂ ಹೀಗೇ ಆಗಿದೆಯಂತೆ. ಔಷಧಿ ಸಿಂಪಡಣೆ ಇರಬಹುದು, ಹುಳುಗಳ ಮೈಗಂಟುವ ಉಣ್ಣಿ ಇರಬಹುದು, ಯಾವುದೋ ರೋಗ, ಚಳಿ, ಮೇವಿನ ಕೊರತೆ, ಇವೆಲ್ಲ ಸೇರಿಯೂ ಇರಬಹುದು. “ಯಾರಿಗೂ ಸರಿಯಾಗಿ ಗೊತ್ತಿಲ್ಲ,” ಎಂದು ಚಹಾ ಕುಡಿದು ಹೋದರು. ಖಾಲಿ ಪೆಟ್ಟಿಗೆಯ ಜೇನನ್ನು ಬೇರೆ ಹುಳುಗಳಿಗೆ ಕೊಡಬೇಡಿ ಎಂದು ಮಾತ್ರ ಹೇಳಿದರು.

ಆಫೀಸರ ಹತ್ತಿರ ಐದಾರು ಕಾರಣ ಇತ್ತು. ನಮ್ಮ ಮನೆಯಲ್ಲಿ ಒಂದೇ ಇತ್ತು, ಅದು ಒಲೆಯ ಮುಂದೆ ಆಲೂಗಡ್ಡೆ ಸುಲಿಯುತ್ತಿತ್ತು.

ಮೂವತ್ತೊಂದು ಪೆಟ್ಟಿಗೆಯ ಜೇನು ಇಳಿಸಿದೆವು. ಅಷ್ಟು ಜೇನು ನಮ್ಮ ಮನೆಯಲ್ಲಿ ಯಾವತ್ತೂ ಇರಲಿಲ್ಲ. ಡಬ್ಬಿ ಸಾಲದೆ ಬಕೆಟ್ಟಿಗೆ ತುಂಬಿದೆವು, ಬಕೆಟ್ಟು ಸಾಲದೆ ಬಟ್ಟೆ ನೆನೆಸುವ ತೊಟ್ಟಿ ತೊಳೆದು ಅದಕ್ಕೂ ಸುರಿದೆವು. ಹುಳು ಬಿಟ್ಟುಹೋದ ಜೇನು ಎಂದು ಸುದ್ದಿ ಹಬ್ಬಿ ಬೀದಿಯಲ್ಲಿ ಯಾರೂ ಕೊಳ್ಳಲಿಲ್ಲ. ಓಡಾಡುವ ಜಾಗದಲ್ಲೆಲ್ಲ ಡಬ್ಬಿ. ಕಾಲಿಗೆ ಅಂಟು, ಬಾಗಿಲ ಹಿಡಿಗೆ ಅಂಟು. ಅಮ್ಮ ಎಲ್ಲರ ತಟ್ಟೆಗೂ ಜೇನು ಸುರಿಯುವಳು, ಅತ್ತಿಗೆಯ ತಟ್ಟೆ ಬಂದಾಗ ಚಮಚವನ್ನು ಡಬ್ಬಿಯಲ್ಲಿ ಬಿಡುವಳು.

“ನಂಗೆ ಬೇಡ ಅತ್ತೆ, ನೀವು ಕಷ್ಟಪಡ್ಬೇಡಿ,” ಅತ್ತಿಗೆ ಒಂದು ದಿನ ಹೇಳಿದಳು. “ಮನೆಯೆಲ್ಲ ಗೋಂದಿಗಿಂತ ಜಾಸ್ತಿ ಅಂಟ್ತಾ ಇದೆ, ತಿನ್ನೋದು ಬೇರೆ ಯಾಕೆ.”

“ಬಾಯಿ ನೋಡು. ಕೈಯೂ ಅಷ್ಟೇ ಚುರುಕಿದ್ದಿದ್ರೆ ಮನೆ ಉಳೀತಿತ್ತು.”

“ಇಟ್ಟಿಗೆ ನಿಂತಿದ್ರೆ ಹುಳ ಹೋಗ್ತಿರಲಿಲ್ವಾ?”

“ನಿಂತಿದ್ರೆ ನಮಗೆ ಗೊತ್ತಾಗ್ತಿತ್ತು.”

“ಗೊತ್ತಾಗಿ? ಆಫೀಸರಿಗೇ ಗೊತ್ತಿಲ್ಲ ಅತ್ತೆ, ಯಾಕೆ ಹೋದ್ವು ಅಂತ.”

“ಎರಡು ಸೇರಿಸಿ ಒಂದು ಮಾಡ್ತಿದ್ವಿ, ಪಾಕ ಕೊಡ್ತಿದ್ವಿ, ತೋಟದವರ ಹತ್ರ ಬಾಯಿ ಬಿಡೋಕೆ ಮುಂಚೆ ಯೋಚ್ನೆ ಮಾಡ್ತಿದ್ವಿ. ಅದೆಲ್ಲ ನಿಂಗೆಲ್ಲಿ ತಿಳಿಯುತ್ತೆ. ಎಲ್ಲಾ ನಿನ್ನ ಕಾಲ್ಗುಣ.”

ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ಬ್ರೆಡ್ಡು ಅಗಿಯುತ್ತಿದ್ದ. ವ್ಯಾನಿಗೆ ಕೆಲಸವಿಲ್ಲದೆ ಅವನು ಆ ವಾರದಿಂದ ಟೈರ್ ಅಂಗಡಿಗೆ ಹೋಗುತ್ತಿದ್ದ. ಸಂಜೆ ಬಂದರೆ ಕೈ ಕರ್ರಗೆ, ಮುಖ ಅದಕ್ಕಿಂತ ಕರ್ರಗೆ. “ಅಮ್ಮನ ಜೊತೆ ವಾದ ಬೇಡ,” ಎಂದ. “ಹೂಂ ಅಂದ್ಬಿಡು. ತಪ್ಪಾಯ್ತು ಅಂದ್ರೆ ನಿಂಗೇನು ಕಿರೀಟ ಬಿದ್ದೋಗುತ್ತಾ?”

“ಮಾಡಿದ್ರೆ ಅಂತಿದ್ದೆ.”

ಮರುದಿನ ಬಟ್ಟೆ ಹಿಂಡುವಾಗ ಅವಳು ಬೆಡ್‌ಶೀಟಿನ ಆ ತುದಿ ಹಿಡಿದಿದ್ದಳು, ನಾನು ಈ ತುದಿ.

“ನೀನು ಅವತ್ತು ಅಲ್ಲೇ ಇದ್ದೆ,” ಎಂದಳು. “ಮಲಗೇ ಇತ್ತು ಅಲ್ವಾ?”

“ಹೂಂ.”

“ಎಲ್ಲಾನೂ?”

“ಎಲ್ಲಾನೂ.”

“ಹಾಗಾದ್ರೆ ಹೇಳು ಅವರಿಗೆ. ನಾನು ಹೇಳಿದ್ರೆ ಬಾಯಿ ಜೋರು ಅಂತಾರೆ. ನೀನು ಹೇಳಿದ್ರೆ ನಂಬ್ತಾರೆ, ನೀನು ವರ್ಷಕ್ಕೆ ನಾಲ್ಕು ಮಾತಾಡೋಳು.”

“ಹೇಳ್ತೀನಿ,” ಎಂದೆ.

ಬೆಡ್‌ಶೀಟು ಹಿಂಡಿ ಹಿಂಡಿ ಒಂದು ಹನಿ ನೀರೂ ಉಳಿಯಲಿಲ್ಲ. ಅವಳು ಆ ದಿನ ಹಾಡು ಗುನುಗಿಕೊಂಡು ಬಟ್ಟೆ ಒಣಹಾಕಿದಳು.

ಹೇಳಲು ಹೊರಟೆ. ಮೊದಲು ತಾತನಿಗೆ ತಿಳಿಸಬೇಕು ಅನಿಸಿತು. ತಾತ ಹಿತ್ತಲಲ್ಲಿ ಖಾಲಿ ಪೆಟ್ಟಿಗೆಯೊಂದರ ಹಿಂಬದಿಗೆ ಬೆರಳು ಹಾಕಿ ಎತ್ತಿ ನೋಡುತ್ತಿದ್ದ. ಜೇನು ಇಳಿಸಿದ ಮೇಲೆ ಅದು ಹಗುರವಾಗಿತ್ತು.

“ಭಾರ ಇತ್ತು ಪುಟ್ಟಿ,” ನಾನು ಬಾಯಿ ತೆರೆಯುವ ಮೊದಲೇ ಹೇಳಿದ. “ನೀನೇ ಎತ್ತಿ ನೋಡಿದ್ಯಲ್ಲ.”

“ಹೂಂ ತಾತ. ಆದ್ರೆ ಅತ್ತಿಗೆ...”

“ಅವಳು ಹೊಸಬಳು. ನಾಲ್ಕು ದಿನ ಬೈಸ್ಕೋತಾಳೆ. ಒಂದು ಮಗು ಆದ್ರೆ ಎಲ್ಲಾ ಮರೀತಾರೆ. ನಂದು ಹಾಗಲ್ಲ. ಕಣ್ಣು ಹೋಗಿದೆ ಅಂದ್ರೆ ನಿಮ್ಮಪ್ಪ ಮುಂದಿನ ಕೋಣೇಲಿ ಕೂರಿಸ್ತಾನೆ, ರೇಡಿಯೋ ಹಚ್ಚಿ. ಆಮೇಲೆ ನಾನು ಯಾರು?” ಅವನು ನನ್ನ ಭುಜಕ್ಕಾಗಿ ಕೈ ಚಾಚಿದ. ಕೈ ಒಂದು ಗೇಣು ಆಚೆ ಹೋಯಿತು. ನಾನೇ ಸರಿದು ಅದರ ಕೆಳಗೆ ನಿಂತೆ.

ಆ ದಿನ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅತ್ತಿಗೆ ಪ್ರತಿ ಊಟಕ್ಕೂ ನನ್ನ ಕಡೆ ನೋಡುವಳು. ನಾಲ್ಕನೇ ದಿನ ನೋಡುವುದನ್ನು ಬಿಟ್ಟಳು.

ಅವಳು ಹೊರಟಿದ್ದು ಒಂದು ಸೋಮವಾರ ಬೆಳಿಗ್ಗೆ. ಹದಿನೈದು ದಿನ ತಾಯಿಯ ಮನೆಯಲ್ಲಿದ್ದು ಬರುತ್ತೇನೆ ಎಂದಳು. ಹೊರಡುವ ಮುಂಚೆ ಪಾತ್ರೆ ತೊಳೆದಳು, ಮೇಜು ಒರೆಸಿದಳು, ಅಣ್ಣನ ಊಟದ ಡಬ್ಬಿ ಕಟ್ಟಿದಳು. ಅಣ್ಣ ಅದನ್ನು ತೆಗೆದುಕೊಂಡು ಅಂಗಡಿಗೆ ಹೋದ. ಬಸ್ ನಿಲ್ದಾಣ ಅವನ ದಾರಿಯಲ್ಲೇ ಇತ್ತು.

“ಒಂದು ಡಬ್ಬಿ ಜೇನು ತಗೊಂಡು ಹೋಗು, ಬರಿಗೈಲಿ ಹೋಗ್ಬೇಡ,” ಅಮ್ಮ ಹೇಳಿದಳು.

“ಬೇಡ ಅತ್ತೆ. ಭಾರ.”

ಗೇಟಿನವರೆಗೆ ನಾನು ಚೀಲ ಹಿಡಿದುಕೊಂಡು ಹೋದೆ. ಅವಳು ಚೀಲ ತೆಗೆದುಕೊಂಡು, “ಗಾಳಿಗೆ ಅಂದ್ಯಲ್ಲ ನೀನು,” ಎಂದಳು. ಬೈದಂತೆ ಹೇಳಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹದಿನೈದು ದಿನ ಕಳೆಯಿತು, ತಿಂಗಳು ಕಳೆಯಿತು. ಅಣ್ಣ ಒಮ್ಮೆ ಫೋನು ಮಾಡಿದ. “ಅವಳಿಗೆ ಅಂದ ಮಾತು ವಾಪಸ್ ತಗೊಂಡ್ರೆ ಬರ್ತಾಳಂತೆ,” ಎಂದು ಅಮ್ಮನಿಗೆ ಹೇಳಿದ. “ಮಾತೇನು ಬಾಡಿಗೆಗೆ ಕೊಟ್ಟಿದ್ನಾ, ವಾಪಸ್ ತಗೊಳಕ್ಕೆ?” ಎಂದಳು ಅಮ್ಮ. ಅಣ್ಣ ಮತ್ತೆ ಫೋನು ಮಾಡಲಿಲ್ಲ. ಸೇಬಿನ ತೋಟದವರು ಬೇರೆ ಯಾರದೋ ಪೆಟ್ಟಿಗೆ ತರಿಸಿಕೊಂಡರು.

ಉಳಿದ ಹದಿನೇಳು ಪೆಟ್ಟಿಗೆಗಳಿಗೆ ಈಗ ನಾನೊಬ್ಬಳೇ ಸುತ್ತು ಹೊಡೆಯುತ್ತಿದ್ದೆ. ತಾತ ಬೆನ್ನು ನೋವು ಎಂದು ಮೆಟ್ಟಿಲ ಮೇಲೆ ಕೂರುತ್ತಿದ್ದ. ಒಂದೊಂದು ಮುಚ್ಚಳವನ್ನೂ ತೆರೆದು ನೋಡಿದೆ. ಕಡಿಮೆಯಾದದ್ದನ್ನು ಮಗ್ಗುಲಾಗಿಸಿದೆ, ಪಾಕ ಕೊಟ್ಟೆ. ತೀರಾ ಕಡಿಮೆಯಾದಾಗ ನಿಲ್ಲಿಸಿದೆ, ಅಪ್ಪ ಬಂದು ಎರಡು ಸೇರಿಸಿ ಒಂದು ಮಾಡಿದ. ಎಲ್ಲವನ್ನೂ ಹೇಗೆ ಮಾಡಬೇಕೋ ಹಾಗೇ ಮಾಡಿದೆವು. ಆರು ವಾರದಲ್ಲಿ ಉಳಿದದ್ದು ಮೂರು. ಅವುಗಳ ಇಟ್ಟಿಗೆಯೂ ನಿಂತಿತ್ತು. ಅಡುಗೆಮನೆ ಕಿಟಕಿಯಿಂದ ನೋಡಿದರೆ ಹಿತ್ತಲು ಸ್ಮಶಾನದ ಹಾಗೆ ಕಾಣುತ್ತಿತ್ತು. ಅಪ್ಪ ಚಹಾವನ್ನು ಮುಂದಿನ ಕೋಣೆಯಲ್ಲಿ ಕುಡಿಯತೊಡಗಿದ.

ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಬೇಯಿಸಿದ ಆಲೂಗಡ್ಡೆ, ಮೊಟ್ಟೆ, ಬ್ರೆಡ್ಡು, ಜೇನು. ಅತ್ತಿಗೆಯ ಕುರ್ಚಿಯ ಮೇಲೆ ಅಮ್ಮ ಎರಡು ಡಬ್ಬಿ ಜೇನು ಇಟ್ಟಿದ್ದಳು, ಬೇರೆ ಜಾಗವಿರಲಿಲ್ಲ.

“ಹೋಗಿದ್ದು ಹೋಗಿದ್ದೇ, ಅವಳು ಹೋದ್ಮೇಲೂ ಪೀಡೆ ಬಿಡ್ಲಿಲ್ಲ,” ಅಮ್ಮ ಹೇಳಿದಳು.

“ಇಟ್ಟಿಗೆ ಮಲಗಿಸಿದ್ದು ನಾನು,” ಎಂದೆ.

ನನ್ನ ದನಿ ನನಗೇ ಬೇರೆಯವರದ್ದೆನಿಸಿತು. ತಾತನ ಚಮಚ ತಟ್ಟೆಯ ಮೇಲೆ ನಿಂತಿತು.

“ಅತ್ತಿಗೆ ಬರೋಕೆ ಮುಂಚೆ. ತಾತ ಭಾರ ನೋಡಿ ಮಲಗಿಸು ಅಂದ. ಹುಳ ಇಲ್ಲ ಅಂತ ನಂಗೆ ಕಾಣಿಸ್ತಿತ್ತು. ಆದ್ರೂ ಮಲಗಿಸಿದೆ. ನಲವತ್ತೆಂಟೂ. ಅತ್ತಿಗೆ ಇದ್ದ ಹಾಗೇ ಇಟ್ಟಿದ್ದು.”

ಯಾರಾದರೂ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅಪ್ಪ ಮೊಟ್ಟೆಯ ಸಿಪ್ಪೆಯನ್ನು ಒಂದೊಂದಾಗಿ ತಟ್ಟೆಯ ಅಂಚಿಗೆ ಸರಿಸಿದ.

“ಗೊತ್ತು,” ಎಂದ.

“ಏನು ಗೊತ್ತು?”

“ನಿಮ್ಮ ತಾತ ಚಹಾ ಲೋಟಕ್ಕೆ ಮೇಜೆಲ್ಲಾ ತಡಕೋದನ್ನ ನಾನು ನೋಡಿಲ್ವಾ? ಮುಚ್ಚಳ ತೆಗೆದ ದಿನವೇ ಗೊತ್ತಾಯ್ತು.”

ಅಮ್ಮನ ಕಡೆ ನೋಡಿದೆ. ಅವಳು ಜೇನಿನ ಡಬ್ಬಿಯ ಮುಚ್ಚಳ ತಿರುಗಿಸುತ್ತಿದ್ದಳು. “ಮತ್ತೇನ್ ಮಾಡ್ಬೇಕಿತ್ತು?” ಎಂದಳು. “ಮಾವನ್ನ ಅನ್ನೋದಾ? ಹೆತ್ತ ಮಗಳನ್ನ ಅನ್ನೋದಾ?”

ತಾತ ಕಣ್ಣು ಮುಚ್ಚಿಕೊಂಡ. ಅಣ್ಣ ತಲೆಯೆತ್ತಲಿಲ್ಲ. ಅವನ ಕಿವಿ ಕೆಂಪಾಗಿದ್ದು ಕಂಡಿತು. ಅವನಿಗೂ ಗೊತ್ತಿತ್ತೋ, ಈಗ ಗೊತ್ತಾಯಿತೋ ಹೇಳಲಾರೆ.

“ಊಟ ಮಾಡು,” ಅಪ್ಪ ಹೇಳಿದ. “ಆರಿ ಹೋಗುತ್ತೆ.”

ನಾನು ಎದ್ದು ಅತ್ತಿಗೆಯ ಕುರ್ಚಿಯ ಮೇಲಿದ್ದ ಡಬ್ಬಿಗಳನ್ನು ಒಂದೊಂದಾಗಿ ನೆಲಕ್ಕಿಳಿಸಿದೆ. ಕುರ್ಚಿ ಅಂಟಂಟಾಗಿತ್ತು. ಒದ್ದೆ ಬಟ್ಟೆ ತಂದು ಒರೆಸಿದೆ.

“ಅಣ್ಣ,” ಎಂದೆ, “ನಾಳೆ ಬೆಳಿಗ್ಗೆ ಬಸ್ಸಿದೆ. ಹೋಗಿ ಅತ್ತಿಗೇನ ಕರ್ಕೊಂಡ್ ಬಾ.”

ಅಣ್ಣ ಬ್ರೆಡ್ಡಿನ ಚೂರಿನಿಂದ ತಟ್ಟೆಯ ಜೇನು ಬಳಿಯುತ್ತಿದ್ದ. ತಟ್ಟೆ ಎಂದೋ ಸ್ವಚ್ಛವಾಗಿತ್ತು. ಅವನು ಬಳಿಯುತ್ತಲೇ ಇದ್ದ.